ಸತ್ತ ಪುಡಿ

ಆಹ್ವಾನ ಪತ್ರಿಕೆಯಲ್ಲಿ ಭಾಮೈದನ ಫೋಟೋ ಇತ್ತು, ಮೇಷ್ಟ್ರದ್ದು ಇರಲಿಲ್ಲ. ಫೋಟೋ ಹಾಕಿ ಎಂದು ಮೇಷ್ಟ್ರು ಯಾರನ್ನೂ ಕೇಳಿದವರಲ್ಲ. ಆದರೆ ಹೆಸರೂ ಇರಲಿಲ್ಲ. ಮುಂದಿನ ಪುಟದಲ್ಲಿ ಹುಡುಕಿದರು, ಹಿಂದಿನ ಪುಟದಲ್ಲಿ ಹುಡುಕಿದರು, ಕೊನೆಗೆ ಸಣ್ಣಕ್ಷರದಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದರು. ಆಮೇಲೆ ಅದನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡು, ಎದುರಿಗೆ ಹಲ್ಲು ಕಿರಿಯುತ್ತ ನಿಂತಿದ್ದ ಭಾಮೈದನಿಗೆ, “ಚೆನ್ನಾಗಿ ಬಂದಿದೆ ಕಣೋ,” ಎಂದರು.

“ಫೋಟೋದಲ್ಲಿ ಸ್ವಲ್ಪ ದಪ್ಪ ಕಾಣ್ತೀನಿ ಅಲ್ವಾ ಭಾವ?”

“ಇರೋ ಹಾಗೇ ಕಾಣ್ತೀಯ.”

ಭಾಮೈದ ನಗುತ್ತ ಹೋದ. ಅವನು ಯಾವುದಕ್ಕೂ ನಗುತ್ತಿದ್ದ. ಹೆಂಡತಿಯ ತಮ್ಮ ಎಂಬ ಕಾರಣಕ್ಕೆ ಮೇಷ್ಟ್ರು ಆ ನಗುವನ್ನು ಇಷ್ಟು ವರ್ಷ ಸಹಿಸಿದ್ದರು. ಓದು ಮುಗಿಸಿ ಒಂದು ಚೀಲ ಹಿಡಿದುಕೊಂಡು ಬಂದವನನ್ನು ಮನೆಯಲ್ಲಿಟ್ಟುಕೊಂಡದ್ದು ಅವರು. ಕಂಪನಿಯ ಸಾಹೇಬರ ಮುಂದೆ ಕೈಕಟ್ಟಿ ನಿಂತು ಅವನಿಗೆ ಕೆಲಸ ಕೊಡಿಸಿದ್ದು ಅವರು. ಕುಲುಮೆಗಿಡುವ ಮೂಸೆ ಹಿಡಿಯುವುದರಿಂದ ಹಿಡಿದು ಪುಡಿ ಜರಡಿಯಾಡುವವರೆಗೆ ಕಲಿಸಿದ್ದೂ ಅವರೇ. ಆ ವಿಭಾಗದಲ್ಲಿದ್ದ ಎಲ್ಲರಿಗೂ ಅವರೇ ಕಲಿಸಿದ್ದು, ಅದಕ್ಕೇ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು.

ಅದು ದೀಪ ತಯಾರಿಸುವ ಕಂಪನಿಯ ಸಂಶೋಧನಾ ವಿಭಾಗ. ಅಲ್ಲಿಯ ಕೆಲಸವೆಲ್ಲ ಒಂದು ಹಳದಿ ಪುಡಿಯ ಸುತ್ತ ನಡೆಯುತ್ತಿತ್ತು. ಬಿಳಿ ಎಲ್‌ಇಡಿ ದೀಪದೊಳಗೆ ಬಿಳಿ ಬೆಳಕು ಹುಟ್ಟುವುದಿಲ್ಲ ಎಂಬುದು ಕೊಳ್ಳುವವರಿಗೆ ಗೊತ್ತಿಲ್ಲ. ಒಳಗಿರುವುದು ನೀಲಿ ಬೆಳಕು ಕೊಡುವ ಒಂದು ಚೂರು, ಅದರ ಮೇಲೆ ಫಾಸ್ಫರ್ ಎಂಬ ಈ ಹಳದಿ ಪುಡಿಯ ಲೇಪ. ಪುಡಿ ಒಂದಿಷ್ಟು ನೀಲಿಯನ್ನು ನುಂಗಿ ಹಳದಿಯಾಗಿ ಬೆಳಗುತ್ತದೆ. ಉಳಿದ ನೀಲಿಯೂ ಈ ಹಳದಿಯೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಪುಡಿ ಚೆನ್ನಾಗಿದ್ದರೆ ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು, ಕೆಟ್ಟದಾದರೆ ಮನೆಮಂದಿಯೆಲ್ಲ ಜ್ವರ ಬಂದವರ ಹಾಗೆ ಕಾಣುವ ಬೆಳಕು. ಬೆಚ್ಚಗಿನ ಬೆಳಕು ಕೊಡುವ, ದೀಪ ಬಿಸಿಯಾದರೂ ಸುಸ್ತಾಗದ ಪುಡಿಯೊಂದನ್ನು ಹುಡುಕುತ್ತ ಮೇಷ್ಟ್ರ ತಲೆ ಪೂರ್ತಿ ಬೆಳ್ಳಗಾಗಿತ್ತು. ಒತ್ತಾದ, ಹೊಳೆಯುವ ಬಿಳಿ ಕೂದಲು. ದಿನಾ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚುತ್ತಿದ್ದರು. ಇಷ್ಟು ವರ್ಷದಲ್ಲಿ ಆ ಕೆಲಸ ತಮಗೆ ಕೊಟ್ಟ ಲಾಭ ಅದೊಂದೇ ಎಂದು ಅವರಿಗೆ ಅನ್ನಿಸುತ್ತಿತ್ತು.

ಪುಡಿ ಸಿಕ್ಕಿದ್ದು ಭಾಮೈದನಿಗೆ. ಹೇಗೆ ಸಿಕ್ಕಿತು ಎಂಬುದೇ ಮೇಷ್ಟ್ರ ಹೊಟ್ಟೆಯಲ್ಲಿ ಉರಿಯುತ್ತಿದ್ದ ಕೆಂಡ. ಮಿಶ್ರಣ ಮೇಷ್ಟ್ರದ್ದು. ಅದನ್ನು ಕುಲುಮೆಯಲ್ಲಿಟ್ಟ ಭಾಮೈದ, ಯಾರದೋ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಹೊತ್ತಿಗೆ ಸರಿಯಾಗಿ ಆರಿಸುವುದನ್ನು ಮರೆತ. ಕುಲುಮೆ ತನ್ನ ಪಾಡಿಗೆ ಉರಿದು, ತನ್ನ ಪಾಡಿಗೆ ನಿಧಾನವಾಗಿ ತಣ್ಣಗಾಯಿತು. ಮದುವೆ ಊಟ ಮುಗಿಸಿ ಬಂದು ನೋಡಿದರೆ ಮೂಸೆಯಲ್ಲಿ ಇಡೀ ವಿಭಾಗ ಹುಡುಕುತ್ತಿದ್ದ ಪುಡಿ. ಮೇಷ್ಟ್ರು ಏನಾದರೂ ಮರೆತರೆ ವಯಸ್ಸಾಯಿತು ಎನ್ನುತ್ತಿದ್ದ ಜನ ಇವನ ಮರೆವನ್ನು ಆವಿಷ್ಕಾರ ಎಂದರು.

ಈಗ ದೇಶ ವಿದೇಶದ ದೀಪದ ವ್ಯಾಪಾರಿಗಳೆಲ್ಲ ಸೇರುವ ಸಭೆಯಲ್ಲಿ ಭಾಮೈದ ಅದನ್ನು ತೋರಿಸುವವನಿದ್ದ. ಸಭೆ ಮುಗಿದ ಮೇಲೆ ಸಾಹೇಬರು ಮೇಷ್ಟ್ರ ಬದಲು ವಿಭಾಗಕ್ಕೆ ಹೊಸ ಮುಖ್ಯಸ್ಥನನ್ನು ಘೋಷಿಸುತ್ತಾರೆ ಎಂಬ ಸುದ್ದಿ ಚಹಾದ ಜೊತೆ ಓಡಾಡುತ್ತಿತ್ತು. ಮೇಷ್ಟ್ರಿಗೆ ಸಲಹೆಗಾರ ಎಂಬ ಪದವಿ ಕೊಟ್ಟು, ಮೆಟ್ಟಿಲ ಕೆಳಗಿನ ಕೋಣೆ ಕೊಡುತ್ತಾರಂತೆ. ಅವರು ಹೋಗಿ ಆ ಕೋಣೆ ನೋಡಿಕೊಂಡು ಬಂದರು. ಅದರಲ್ಲಿ ಆಗಲೇ ಒಂದು ಕೆಟ್ಟುಹೋದ ಜೆರಾಕ್ಸ್ ಯಂತ್ರವಿತ್ತು. ಇಬ್ಬರೂ ಒಟ್ಟಿಗಿರಬಹುದು ಎಂದುಕೊಂಡರು.

ಭಾಮೈದನ ಜೀವಕ್ಕೆ ಅಪಾಯ ಮಾಡುವ ಯೋಚನೆ ಮೇಷ್ಟ್ರಿಗೆ ಎಳ್ಳಷ್ಟೂ ಬರಲಿಲ್ಲ. ಅವನು ಸತ್ತರೆ ಹೆಂಡತಿ ಅಳುತ್ತಾಳೆ, ಅವಳು ಅತ್ತರೆ ಕೇಳುವುದು ಕಷ್ಟ. ಅವಳು ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ಮೈದಾನದ ಆಚೆ ತುದಿಯಲ್ಲಿ ಓಡುವ ಮಗುವನ್ನು ಸೀಟಿ ಇಲ್ಲದೆ ನಿಲ್ಲಿಸುವ ಗಂಟಲು ಅವಳದು. ಪಿಸುಮಾತು ಅವಳಿಗೆ ಬರುತ್ತಿರಲಿಲ್ಲ. ಗುಟ್ಟಿನ ಮಾತಾಡಬೇಕಾದಾಗ ಮೇಷ್ಟ್ರು ಮೊದಲು ಕಿಟಕಿ ಮುಚ್ಚುತ್ತಿದ್ದರು.

ಸಾಯಬೇಕಾದದ್ದು ಪುಡಿ. ಸಭೆಯ ನಡುವೆ, ಎಲ್ಲರ ಕಣ್ಣೆದುರು ಸಾಯಬೇಕು. ಭಾಮೈದ ಬೆಪ್ಪನಾಗಬೇಕು. ಆಮೇಲೆ ಕೆಲವು ತಿಂಗಳು ಬಿಟ್ಟು ಮೇಷ್ಟ್ರು ತಾವೇ, ತಮ್ಮದೇ ಮಿಶ್ರಣದಿಂದ, ತಮ್ಮದೇ ಹೆಸರಿನಲ್ಲಿ ಅದನ್ನು ಮತ್ತೆ ಹುಟ್ಟಿಸಬೇಕು. ಯೋಚನೆ ಇಷ್ಟು ಸರಳವಾಗಿ ಬಂದದ್ದು ನೋಡಿ ಅವರಿಗೇ ಸಂತೋಷವಾಯಿತು. ಬಹಳ ದಿನಗಳ ನಂತರ ರುಚಿಯಾಗಿ ಊಟ ಮಾಡಿದರು.

ಫಾಸ್ಫರ್ ಪುಡಿಯನ್ನು ಕೊಲ್ಲುವುದು ಹೇಗೆಂದು ಈ ಕಸುಬಿನವರಿಗೆಲ್ಲ ಗೊತ್ತು. ಬದುಕೆಲ್ಲ ಅವರು ಹೆದರುವುದೇ ಅದಕ್ಕೆ. ಸುಡುವ ಮೊದಲು ಮಿಶ್ರಣಕ್ಕೆ ಚೂರೇ ಚೂರು ಕಬ್ಬಿಣ ಸೇರಿದರೆ ಸಾಕು. ಪುಡಿ ನೀಲಿಯನ್ನು ನುಂಗುತ್ತದೆ, ಬೆಳಕನ್ನು ಮಾತ್ರ ಹೊರಗೆ ಬಿಡುವುದಿಲ್ಲ. ವಿಭಾಗದಲ್ಲಿ ಕಬ್ಬಿಣಕ್ಕೆ ಕೊಲೆಗಾರ ಎಂದೇ ಅಡ್ಡಹೆಸರು. ಒಳಗೆ ಬರುವವರ ಬೀಗದ ಕೈಗೊಂಚಲನ್ನೂ ಬಾಗಿಲಲ್ಲೇ ತೆಗೆದಿಡಿಸುತ್ತಿದ್ದರು. ಆ ನಿಯಮ ಮಾಡಿದ್ದು ಮೇಷ್ಟ್ರೇ.

ಕಬ್ಬಿಣವನ್ನು ಅವರು ಮನೆಯಿಂದ ತಂದರು. ಹಿಂಬಾಗಿಲ ಚಿಲಕ ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು. ಭಾನುವಾರ ಕೂತು ಉಪ್ಪುಕಾಗದದಿಂದ ಉಜ್ಜಿ, ಉದುರಿದ ತುಕ್ಕನ್ನು ಕಾಗದದ ಮೇಲೆ ಹಿಡಿದುಕೊಂಡರು.

“ಅಬ್ಬಾ, ಕೊನೆಗೂ ಮುಹೂರ್ತ ಬಂತಲ್ಲ!” ಎಂದಳು ಹೆಂಡತಿ. ಪಕ್ಕದ ಮನೆಯವರೂ ತಿರುಗಿ ನೋಡಿದರು. “ಎಷ್ಟು ಸಲ ಬಡ್ಕೊಂಡಿದ್ದೆ. ಹಾಗೇ ನಿಮ್ಮ ಆ ಕೆಲಸದ ಕನ್ನಡಕನೂ ಮನೆಗೆ ತನ್ನಿ. ಪಟ್ಟಿ ಜೋಲು ಬಿದ್ದಿದೆ ಅಂತ ತಮ್ಮ ಹೇಳ್ತಿದ್ದ. ಹೊಸ ಎಲಾಸ್ಟಿಕ್ ಹಾಕಿ ಹೊಲೆದುಕೊಡ್ತೀನಿ.”

“ನೋಡೋಣ ಬಿಡು.”

“ನೋಡೋಣ ನೋಡೋಣ ಅಂತ ಹತ್ತು ಸಲ ತಲೆ ಹಿಂದಕ್ಕೆ ಕೈ ಹಾಕಿ ಎಳ್ಕೋತೀರಂತೆ. ಮರ್ಯಾದೆನಾ ಅದು?”

ಮೇಷ್ಟ್ರಿಗೆ ಎಲಾಸ್ಟಿಕ್ ಬಗ್ಗೆ ಯೋಚಿಸುವಷ್ಟು ಪುರುಸೊತ್ತಿರಲಿಲ್ಲ.

ಸರಿಯಾದ ಸಾವನ್ನು ತಯಾರಿಸುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೊದಲ ಸಲ ತುಕ್ಕು ಕಡಿಮೆಯಾಗಿ ಪುಡಿ ಮಂಕಾಗಿಯಾದರೂ ಬೆಳಗಿತು. ಇನ್ನೊಂದು ಸಲ ಹೆಚ್ಚಾಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅದನ್ನು ನೋಡಿದರೆ ಬಾಗಿಲು ಕಾಯುವವನಿಗೂ ಅನುಮಾನ ಬರುವಂತಿತ್ತು. ಮೇಷ್ಟ್ರು ಹಟ ಬಿಡಲಿಲ್ಲ. ಹಗಲು ಹೊತ್ತಿನಲ್ಲೇ, ಎಲ್ಲರೆದುರೇ, ತಮ್ಮ ಎಂದಿನ ಪ್ರಯೋಗಗಳ ನಡುವೆ ಒಂದು ಪುಟ್ಟ ಮೂಸೆಯನ್ನು ಸೇರಿಸಿ ಸುಟ್ಟರು. ಈ ವಯಸ್ಸಿನಲ್ಲೂ ಮೇಷ್ಟ್ರ ಉತ್ಸಾಹ ನೋಡಿ ಎಂದು ಜನ ಮಾತಾಡಿಕೊಂಡರು. ಕೊನೆಗೊಂದು ದಿನ ಕೈಗೂಡಿತು. ಕಿಟಕಿಯ ಬಿಸಿಲಿನಲ್ಲಿ ಭಾಮೈದನ ಪುಡಿಯ ಪಕ್ಕದಲ್ಲಿಟ್ಟು ನೋಡಿದರು. ಅದೇ ಹಳದಿ, ಅದೇ ನಯ, ಅವಳಿ ಮಕ್ಕಳ ಹಾಗೆ. ನೀಲಿ ದೀಪದ ಕೆಳಗಿಟ್ಟು ನೋಡಿದರೆ ಒಂದು ಉರಿಯಿತು, ಇನ್ನೊಂದು ಗೋಡೆಯ ಹಾಗೆ ಸುಮ್ಮನಿತ್ತು. ಇಷ್ಟು ಚೆಂದದ ಹಳದಿ ಇಟ್ಟುಕೊಂಡು ಇಷ್ಟು ಪೂರ್ತಿಯಾಗಿ ಸತ್ತ ಪುಡಿಯನ್ನು ಯಾರೂ ಮಾಡಿರಲಾರರು. ಅದು ಅವರ ಜೀವಮಾನದ ಅತ್ಯುತ್ತಮ ಕೆಲಸವಾಗಿತ್ತು. ಯಾರಿಗೂ ಹೇಳುವ ಹಾಗಿಲ್ಲವಲ್ಲ ಎಂದು ನಿಜವಾಗಿಯೂ ಬೇಜಾರಾಯಿತು.

ಒಳ್ಳೆಯ ಪುಡಿಯನ್ನು ಅಡಗಿಸುವ ಜಾಗಕ್ಕಾಗಿ ಹುಡುಕಬೇಕಾಗಿರಲಿಲ್ಲ. ಪರೀಕ್ಷಾ ಕೋಣೆಯ ಹಿಂಗೋಡೆಯಲ್ಲಿ ಸೋತ ಪುಡಿಗಳ ಬಾಟಲಿ ಸಾಲು ಸಾಲಾಗಿದ್ದವು. ಅದಕ್ಕೆ ಸ್ಮಶಾನ ಎಂದು ಹೆಸರು. ಅಲ್ಲಿದ್ದವೆಲ್ಲ ಹಳದಿಯೇ. ಎಂಥ ದರಿದ್ರ ಪುಡಿಯಾದರೂ ನೀಲಿ ದೀಪಕ್ಕೆ ಅಷ್ಟೋ ಇಷ್ಟೋ ಬೆಳಗುತ್ತಿತ್ತು, ಸಾಲದೆ ಸೋತಿತ್ತು ಅಷ್ಟೇ. ಯಾರೂ ಅತ್ತ ತಿರುಗಿ ನೋಡುತ್ತಿರಲಿಲ್ಲ. ಬದುಕಿರುವುದನ್ನು ಸ್ಮಶಾನದಲ್ಲಿಟ್ಟು ಸತ್ತದ್ದನ್ನು ವೇದಿಕೆಗೆ ಕಳಿಸುವುದು. ಮುಂದೊಂದು ದಿನ, ಹಳೆಯ ಸೋತ ಪುಡಿಯೊಂದನ್ನು ಸುಮ್ಮನೆ ಮತ್ತೆ ನೋಡಿದೆ ಎನ್ನುತ್ತ ಅದನ್ನು ಎತ್ತಿಕೊಂಡು ಬರುವುದು. ಆ ಮಾತನ್ನು ಯಾವ ಧಾಟಿಯಲ್ಲಿ ಹೇಳಬೇಕೆಂದೂ ಅಭ್ಯಾಸ ಮಾಡಿದ್ದರು. ಭಾಮೈದನಿಗೆ ಹೇಳಬೇಕಾದ ಸಮಾಧಾನದ ಮಾತೂ ಸಿದ್ಧವಿತ್ತು: “ಈ ಕಸುಬಿನಲ್ಲಿ ಇದೆಲ್ಲ ಇದ್ದದ್ದೇ ಕಣೋ, ಧೈರ್ಯಗೆಡಬೇಡ.” ಬೆನ್ನು ತಟ್ಟಲು ಬಲಗೈ, ಎಡಗೈ ಎರಡರಲ್ಲೂ ಪ್ರಯತ್ನಿಸಿ, ಎಡಗೈ ಹೆಚ್ಚು ಆತ್ಮೀಯ ಎಂದು ತೀರ್ಮಾನಿಸಿದ್ದರು.

ಭಾಮೈದ ಸಭೆಗೆ ಮುಂಚೆ ಪುಡಿಯನ್ನು ಇನ್ನೊಮ್ಮೆ ಪರೀಕ್ಷಿಸಿದರೆ? ಪರೀಕ್ಷಿಸುವುದಿಲ್ಲ. ಹಿಂದಿನ ದಿನ ಎಲ್ಲರಿಗೂ ತೋರಿಸಿ, ಕಂದು ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, ತನ್ನ ಕೈಬರಹದ ಚೀಟಿ ಅಂಟಿಸಿ ಪಕ್ಕದಲ್ಲೊಂದು ನಗುಮುಖ ಬೇರೆ ಬರೆದು ಪರೀಕ್ಷಾ ಕೋಣೆಯಲ್ಲಿಟ್ಟಿದ್ದ. ಇನ್ನು ಅದನ್ನು ತೆರೆಯುವುದು ವೇದಿಕೆಯ ಮೇಲೆಯೇ. ಸುಮ್ಮಸುಮ್ಮನೆ ಮುಚ್ಚಳ ತೆಗೆದರೆ ಪುಡಿ ತೇವ ಹಿಡಿಯುತ್ತದೆ ಎಂದು ಅವನಿಗೆ ಕಲಿಸಿದ್ದು ಮೇಷ್ಟ್ರು. ಅವರು ಕಲಿಸಿದ್ದನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಅವನಲ್ಲಿದ್ದ ಒಳ್ಳೆಯ ಗುಣ ಅದು ಎಂದು ಮೇಷ್ಟ್ರು ಒಪ್ಪುತ್ತಿದ್ದರು.

ಸಭೆಯ ದಿನ ಬೆಳಗ್ಗೆ ಹೆಂಡತಿ ಒಳ್ಳೆಯ ಶರ್ಟು ಇಸ್ತ್ರಿ ಮಾಡಿ ಕೈಗಿಟ್ಟಳು. “ಇದನ್ನೇ ಹಾಕ್ಕೊಳ್ಳಿ. ಇವತ್ತು ನಾಲ್ಕು ಜನ ನಿಮ್ಮನ್ನ ನೋಡ್ತಾರೆ.”

“ನನ್ನನ್ನ ಯಾಕೆ ನೋಡ್ತಾರೆ? ನಿನ್ನ ತಮ್ಮನ್ನ ನೋಡ್ತಾರೆ.”

“ಹಾಕ್ಕೊಳ್ಳಿ ಅಂದ್ರೆ ಹಾಕ್ಕೊಳ್ಳಿ,” ಎಂದು ಅವಳು ಮುಖ ತಿರುಗಿಸಿ ನಕ್ಕಳು. ಅಕ್ಕ ತಮ್ಮ ಇಬ್ಬರದೂ ಒಂದೇ ನಗು. ಆ ಗಳಿಗೆಯವರೆಗೆ ಮೇಷ್ಟ್ರ ಮನಸ್ಸಿನ ಮೂಲೆಯಲ್ಲಿ ಚೂರು ಅಳುಕಿದ್ದರೆ ಅದೂ ಹೋಯಿತು.

ಪರೀಕ್ಷಾ ಕೋಣೆಗೆ ಅವರು ಹೋದಾಗ ಉಳಿದವರೆಲ್ಲ ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಅದು ಗೋಡೆಗೆಲ್ಲ ಕಪ್ಪು ಬಳಿದ, ಕಿಟಕಿಯಿಲ್ಲದ ಕೋಣೆ. ಅಲ್ಲಿ ನೀಲಿ ದೀಪಗಳು ಸದಾ ಉರಿಯುತ್ತಿದ್ದವು. ಆ ನೀಲಿ ಕಣ್ಣಿಗೆ ಒಳ್ಳೆಯದಲ್ಲ. ಅದಕ್ಕೇ ಒಳಗೆ ಹೋಗುವವರು ದಪ್ಪ ಕಿತ್ತಳೆ ಗಾಜಿನ ಕನ್ನಡಕ ಹಾಕಲೇಬೇಕು. ಆ ಗಾಜು ನೀಲಿಯನ್ನು ಪೂರ್ತಿ ತಡೆಯುತ್ತದೆ. ಅದರೊಳಗಿಂದ ಕೋಣೆ ಕಗ್ಗತ್ತಲು, ಪುಡಿ ಮಾತ್ರ ಕೆಂಡದ ಹಾಗೆ ಬೆಳಗುವುದು ಕಾಣುತ್ತದೆ. ಹೊಸಬರು ಬಂದಾಗ ಮೇಷ್ಟ್ರು ಅದೇ ಕನ್ನಡಕದಲ್ಲಿ ಒಂದು ಬಿಳಿ ಹಾಳೆ, ಒಂದು ಹಳದಿ ಹಾಳೆ ತೋರಿಸಿ, ಯಾವುದು ಯಾವುದು ಹೇಳಿ ಎನ್ನುತ್ತಿದ್ದರು. ಯಾರಿಗೂ ಹೇಳಲಾಗುತ್ತಿರಲಿಲ್ಲ. “ಬಣ್ಣ ನಂಬಬೇಡಿ, ಬೆಳಕು ನೋಡಿ,” ಎನ್ನುವುದು ಅವರ ಮೊದಲ ಪಾಠ. ಭಾಮೈದ ಅದನ್ನು ಬರೆದು ತನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದ.

ಮಾಮೂಲಿ ದೀಪದ ಸ್ವಿಚ್ಚೂ ಅಲ್ಲಿತ್ತು. ಹಾಕಿದರೆ ಬಾಗಿಲ ಗಾಜಿನಲ್ಲಿ ಬೆಳಕು ಹೊರಗೆ ಬಿದ್ದು, ದಾರಿಯಲ್ಲಿ ಹೋಗುವವರು ಇಣುಕುತ್ತಾರೆ. ಮೇಷ್ಟ್ರು ಹಾಕಲಿಲ್ಲ. ಹಳೆಯ ಬಿಳಿ ಕೋಟು ತೊಟ್ಟು, ರಬ್ಬರ್ ಕೈಗವಸು ಹಾಕಿ, ಕನ್ನಡಕ ಏರಿಸಿಕೊಂಡು ಕೆಲಸಕ್ಕೆ ನಿಂತರು. ಮೊದಲು ಭಾಮೈದನ ಬಾಟಲಿಯ ಪುಡಿಯನ್ನು ಸ್ಮಶಾನದ ಒಂದು ಖಾಲಿ ಬಾಟಲಿಗೆ ಸುರಿದರು. ಕತ್ತಲಲ್ಲಿ ಬೆಳಕೇ ಹರಿದು ಬಿದ್ದ ಹಾಗೆ ಕಂಡಿತು. ಇದನ್ನು ನಾನು ಮಾಡಬೇಕಾಗಿತ್ತು ಎಂದುಕೊಂಡರು. ಒಂದು ಗಳಿಗೆ ಸುಮ್ಮನೆ ನೋಡುತ್ತ ನಿಂತುಬಿಟ್ಟರು. ಆಮೇಲೆ ಎಚ್ಚೆತ್ತು, ಮೇಜಿನ ಮೇಲೆ ಚೆಲ್ಲಿದ ಕಣಗಳನ್ನು ಒಂದೊಂದಾಗಿ ಒರೆಸಿದರು. ಹೊಳೆಯುವ ಕಣವನ್ನು ಹುಡುಕುವುದು ಕಷ್ಟವೇ ಅಲ್ಲ, ತಾನೇ ಕೂಗಿ ಕರೆಯುತ್ತದೆ. ಖಾಲಿಯಾದ ಬಾಟಲಿಯ ಒಳಗನ್ನೂ ಕೈಗವಸಿನ ಬೆರಳುಗಳನ್ನೂ ಒಂದು ಮಿಣುಕೂ ಉಳಿಯದಂತೆ ಒರೆಸಿದರು.

ಆಮೇಲೆ ಕೋಟಿನ ಜೇಬಿನಿಂದ ಸತ್ತ ಪುಡಿಯ ಡಬ್ಬಿ ತೆಗೆದು, ನಗುಮುಖದ ಬಾಟಲಿಗೆ ತುಂಬಿದರು. ಕತ್ತಲಿನಿಂದ ಕತ್ತಲಿಗೆ ಕತ್ತಲು ಸುರಿದಂತಿತ್ತು. ಬಾಟಲಿ ತುಂಬಿತೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಕಾಯಿತು. ಬಗ್ಗಿದಾಗ ಕನ್ನಡಕ ಮೂಗಿನ ಮೇಲೆ ಜಾರಿತು, ಪಟ್ಟಿ ಎಳೆದುಕೊಂಡರು. ಮತ್ತೆ ಜಾರಿತು, ಮತ್ತೆ ಎಳೆದುಕೊಂಡರು. ಸತ್ತ ಪುಡಿಯ ಒಂದು ಅನುಕೂಲವೆಂದರೆ, ಅಲ್ಲಿ ಇಲ್ಲಿ ಚೆಲ್ಲಿದರೂ ಮಿನುಗಿ ಚಾಡಿ ಹೇಳುವುದಿಲ್ಲ. ಆದರೂ ಮೇಜನ್ನು ಒದ್ದೆ ಬಟ್ಟೆಯಿಂದ ಮೂಲೆ ಮೂಲೆ ಒರೆಸಿದರು. ಅವರು ಅಜಾಗರೂಕರಲ್ಲ.

ಕೊನೆಯ ತಪಾಸಣೆ ಬಾಕಿಯಿತ್ತು. ಅವಸರದ ಕಳ್ಳ ಇಲ್ಲೇ ಸಿಕ್ಕಿಬೀಳುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಕೋಟು, ಕೈಗವಸು ತೆಗೆದು ಅಂಥವೇ ತುಂಬಿದ್ದ ಬುಟ್ಟಿಗೆ ಹಾಕಿದರು. ನೀಲಿ ದೀಪದ ಕೆಳಗೆ ನಿಂತು ಅಂಗೈ, ಮುಂಗೈ, ಉಗುರಿನ ಸಂದಿ, ಶರ್ಟಿನ ತೋಳು, ಪ್ಯಾಂಟಿನ ಮಡಿಕೆ, ಬೂಟಿನ ತುದಿ ಎಲ್ಲ ನೋಡಿಕೊಂಡರು. ಅಷ್ಟಕ್ಕೇ ಬಿಡದೆ, ಕಪಾಟಿನಿಂದ ಕೈಗನ್ನಡಿ ತೆಗೆದು, ಗೋಡೆಯ ಕನ್ನಡಿಗೆ ಬೆನ್ನು ಮಾಡಿ ನಿಂತು, ಬೆನ್ನು, ಕತ್ತು, ತಲೆಯ ಹಿಂಭಾಗವನ್ನೂ ನೋಡಿದರು. ಎಲ್ಲೂ ಒಂದು ಕಣ ಬೆಳಗಲಿಲ್ಲ. ಕನ್ನಡಿಯ ತುಂಬ ಅಚ್ಚುಕಟ್ಟಾದ ಕತ್ತಲು. ಇಷ್ಟು ಶುದ್ಧವಾಗಿ ಆ ಕೋಣೆಯಿಂದ ಯಾರೂ ಹೊರಬಂದಿರಲಾರರು.

ಹೊರಗೆ ಬಂದು ಕನ್ನಡಕ ತೆಗೆದು, ಕೈ ತೊಳೆದುಕೊಂಡು, ಬಚ್ಚಲ ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಮುಖ ಪ್ರಾಮಾಣಿಕವಾಗಿತ್ತು. ಸಭಾಂಗಣಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಭಾಮೈದ ಬಾಟಲಿಯನ್ನು ಎದೆಗವಚಿಕೊಂಡು ಮಗುವನ್ನು ತರುವ ಹಾಗೆ ತಂದು ಮೇಜಿನ ಮೇಲಿಟ್ಟ. ಸಭಾಂಗಣ ತುಂಬಿತು. ಮುಂದಿನ ಸಾಲುಗಳಲ್ಲಿ ವಿಭಾಗದವರು, ಅವರ ಹಿಂದೆ ಮನೆಯವರು, ಎಡಗಡೆ ಸೂಟು ತೊಟ್ಟ ವ್ಯಾಪಾರಿಗಳು. ಮೂರು ಸಾಲು ಹಿಂದೆ ಹೆಂಡತಿ ಬಂದು ಕೂತದ್ದು ಮೇಷ್ಟ್ರಿಗೆ ತಿರುಗಿ ನೋಡದೆಯೇ ತಿಳಿಯಿತು. ಯಾರದೋ ಆರೋಗ್ಯ ವಿಚಾರಿಸುತ್ತಿದ್ದಳು.

ಭಾಮೈದ ಮೈಕು ಹಿಡಿದ. “ಎಲ್ಲರಿಗೂ ನಮಸ್ಕಾರ. ನಾನು ಜಾಸ್ತಿ ಮಾತಾಡಲ್ಲ. ಆಹ್ವಾನದಲ್ಲಿ ನನ್ನ ಫೋಟೋ ಒಂದೇ ಹಾಕ್ಸಿದ್ದೆ. ಅದು ಬೇಕಂತಲೇ. ಇಲ್ಲದಿದ್ರೆ ಇವತ್ತಿನ ವಿಷಯ ಮೊದಲೇ ಗೊತ್ತಾಗ್ಬಿಡ್ತಿತ್ತು. ಈ ಪುಡಿಯ ಮಿಶ್ರಣ ನಂದಲ್ಲ, ನಮ್ಮ ಭಾವಂದು. ನಾನು ಮಾಡಿದ್ದು ಕುಲುಮೆ ಆರಿಸೋಕೆ ಮರೆತಿದ್ದು, ಅಷ್ಟೇ.” ಜನ ನಕ್ಕರು. “ಅದಕ್ಕೇ ಸಾಹೇಬರ ಹತ್ರ ಹಟ ಮಾಡಿ ಈ ಪುಡಿಗೆ ಭಾವನ ಹೆಸರೇ ಇಡಿಸಿದೀನಿ. ಇಷ್ಟು ದಿನ ಮುಚ್ಚಿಟ್ಟಿದ್ವಿ, ಅಕ್ಕನಿಗೆ ಮಾತ್ರ ಗೊತ್ತಿತ್ತು. ಅಕ್ಕ ಗುಟ್ಟು ಕಾಪಾಡಿದ್ದು ಇದೇ ಮೊದಲು.”

ಜನ ಇನ್ನೂ ಜೋರಾಗಿ ನಕ್ಕರು. ಸಾಹೇಬರು ಎದ್ದು ನಿಂತು, ವಿಭಾಗದ ಮುಖ್ಯಸ್ಥರಾಗಿ ಮೇಷ್ಟ್ರೇ ಮುಂದುವರಿಯುತ್ತಾರೆ, ಹುಡುಗ ಅವರ ಕೈಕೆಳಗೇ ಇರುತ್ತೇನೆಂದು ಬರೆದುಕೊಟ್ಟಿದ್ದಾನೆ ಎಂದರು. ಚಪ್ಪಾಳೆ ಬಿತ್ತು. ಮೆಟ್ಟಿಲ ಕೆಳಗಿನ ಕೋಣೆಯನ್ನು ಬರೀ ಜೆರಾಕ್ಸ್ ಯಂತ್ರಕ್ಕೆ ಎಂದೇ ಖಾಲಿ ಮಾಡಿಸಿದ್ದರಂತೆ.

“ಬನ್ನಿ ಭಾವ. ನಿಮ್ಮ ಪುಡಿ, ನೀವೇ ಬೆಳಗಿಸಿ.”

ನಾಚಿಕೆಪಡಲು ಮೇಷ್ಟ್ರಿಗೆ ಪುರುಸೊತ್ತಾಗಲಿಲ್ಲ, ಕಾಲು ಆಗಲೇ ವೇದಿಕೆ ಹತ್ತುತ್ತಿತ್ತು. ತಲೆ ಸುತ್ತಿ ಬಿದ್ದುಬಿಡಲೇ ಎಂದು ಯೋಚಿಸಿದರು. ಬಾಟಲಿ ಜಾರಿ ಒಡೆದುಹೋಗಲಿ ಎಂದರೆ ಭಾಮೈದ ಅದನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ. ಎಲ್ಲ ಬಗೆಯ ಅಡಚಣೆಗೂ ಅವರ ಯೋಜನೆಯಲ್ಲಿ ಉತ್ತರವಿತ್ತು. ತಮಗೇ ಒಳ್ಳೆಯದಾದರೆ ಏನು ಮಾಡಬೇಕೆಂದು ಮಾತ್ರ ಯೋಚಿಸಿರಲಿಲ್ಲ.

ವೇದಿಕೆಯ ಮೇಲೆ ಅಂಟು ಸವರಿದ ದುಂಡನೆಯ ಬಿಳಿ ಗಾಜನ್ನು ಸಭೆಯತ್ತ ಮುಖ ಮಾಡಿ ನಿಲ್ಲಿಸಿದ್ದರು. ಭಾಮೈದ ಮುಚ್ಚಳ ತೆಗೆದು ಬಾಟಲಿಯನ್ನೂ ಒಂದು ಮೆತ್ತನೆಯ ಕುಂಚವನ್ನೂ ಕೊಟ್ಟ. ಮೇಷ್ಟ್ರು ಸಭೆಗೆ ಬೆನ್ನು ಮಾಡಿ ನಿಂತು, ತಮ್ಮ ಹೆಸರಿನ ಪುಡಿಯನ್ನು ಗಾಜಿಗೆ ಬಳಿಯತೊಡಗಿದರು. ನಿಧಾನವಾಗಿ ಬಳಿದರು. ಗಾಜು ಚೆಂದದ ಹಳದಿಯಾಯಿತು. ಅವರು ಪಕ್ಕಕ್ಕೆ ಸರಿದಾಗ ದೀಪ ಆರಿತು. ಭಾಮೈದ ನೀಲಿ ಟಾರ್ಚ್ ಹಿಡಿದ.

ಗಾಜು ಕಪ್ಪಗೆ ನಿಂತಿತ್ತು. ಯಾರೋ ಕೆಮ್ಮಿದರು. ಭಾಮೈದ ಟಾರ್ಚನ್ನು ಹತ್ತಿರ ತಂದ, ದೂರ ಒಯ್ದ, ತನ್ನ ತೋಳಿನ ಮೇಲೆ ಬಿಟ್ಟು ನೋಡಿದ. ತೋಳಿಗೆ ಎಂದೋ ಮೆತ್ತಿದ್ದ ಪುಡಿ ಫಳಕ್ಕನೆ ಬೆಳಗಿತು. ಟಾರ್ಚ್ ಸರಿಯಿತ್ತು. ದೀಪ ಹಾಕಿದರು. ಭಾಮೈದನ ಮುಖದಲ್ಲಿ ಮೊದಲ ಸಲ ನಗುವಿರಲಿಲ್ಲ. ಅದು ಇಷ್ಟು ಚಿಕ್ಕ ಹುಡುಗನ ಮುಖ ಎಂದು ಮೇಷ್ಟ್ರಿಗೆ ತಿಳಿದೇ ಇರಲಿಲ್ಲ. “ಕ್ಷಮಿಸಿ ಭಾವ. ನಿಮ್ಮ ಹೆಸರಿಟ್ಟು ಹೀಗೆ ಮಾಡ್ಬಿಟ್ಟೆ,” ಎಂದ. ಮೇಷ್ಟ್ರ ಎಡಗೈ ತಾನಾಗಿ ಎದ್ದು ಅವನ ಬೆನ್ನ ಮೇಲೆ ಬಂತು. “ಈ ಕಸುಬಿನಲ್ಲಿ ಇದೆಲ್ಲ ಇದ್ದದ್ದೇ ಕಣೋ,” ಎಂದರು. ಅಭ್ಯಾಸ ಮಾಡಿದ್ದಕ್ಕಿಂತ ಚೆನ್ನಾಗಿ ಬಂತು. ನಿಜವಾದ ಸಂಕಟ ಸೇರಿತ್ತು.

ಹಾಗೆ ಬೆನ್ನು ತಟ್ಟುವಾಗ ಅವರು ಮತ್ತೆ ಸಭೆಗೆ ಬೆನ್ನಾಗಿದ್ದರು. ಆಗ ಹೆಂಡತಿ ತನಗೆ ಬಾರದ ಪಿಸುಮಾತಿನಲ್ಲಿ ಮಾತಾಡಿದಳು. “ರೀ, ತಲೆ ಹಿಂದೆ ಒರೆಸ್ಕೊಳ್ರೀ! ನಾನು ಬಂದು ಕೂತಾಗಿನಿಂದ ನೋಡ್ತಾ ಇದೀನಿ. ಬಿಳಿ ಕೂದಲ ಮೇಲೆ ನಾಲ್ಕು ಬೆರಳೂ ಹಳದಿಯಾಗಿ ಮೂಡಿದೆ, ಹೊರಗಿನವರೆಲ್ಲ ಇದ್ದಾರೆ!” ಇಡೀ ಸಭಾಂಗಣ ಕೇಳಿಸಿಕೊಂಡಿತು. ವಿಭಾಗದವರು ಮುಗುಳ್ನಕ್ಕರು. ಅಲ್ಲಿ ಮೈಮೇಲೆ ಹಳದಿ ಇಲ್ಲದವರೇ ಇರಲಿಲ್ಲ, ಅದಕ್ಕೇ ಇಷ್ಟು ಹೊತ್ತು ಯಾರೂ ಸೊಲ್ಲೆತ್ತಿರಲಿಲ್ಲ. ಆದರೆ ಭಾಮೈದ ಮೇಷ್ಟ್ರ ಶಿಷ್ಯ. ಬಣ್ಣ ಎಂದು ಯಾರಾದರೂ ಹೇಳಿದರೆ ಬೆಳಕು ನೋಡುವುದು ಅವನ ಕೈಗೆ ಅಭ್ಯಾಸವಾಗಿತ್ತು. “ದೀಪ ಆರಿಸಿ,” ಎಂದು ಸಣ್ಣ ದನಿಯಲ್ಲಿ ಹೇಳಿ, ಟಾರ್ಚನ್ನು ಭಾವನ ತಲೆಯತ್ತ ಎತ್ತಿದ. ಆ ನೀಲಿ ಬೆಳಕು ಹರಡಿದ ಕಡೆಯೆಲ್ಲ, ಅವನ ತೋಳು, ದೀಪದ ಸ್ವಿಚ್ಚಿನ ಬಳಿ ನಿಂತಿದ್ದವನ ಕಾಲರು, ಮುಂದಿನ ಸಾಲಿನವರ ಕೈಮಡಿಕೆ, ಬೂಟು, ಮೊಣಕಾಲು, ಇಡೀ ವಿಭಾಗದ ಮೈಮೇಲಿನ ಹಳೆಯ ಸೋತ ಪುಡಿಯ ಕಣಗಳು ಕೂಡ ಮಿಣಮಿಣ ಬೆಳಗಿದವು. ಹಳದಿ ಇದ್ದೂ ಕಪ್ಪಗೆ ಉಳಿದದ್ದು ಎರಡೇ, ಗಾಜು ಮತ್ತು ಮೇಷ್ಟ್ರ ತಲೆಯ ಹಿಂಭಾಗ. ಮತ್ತೆ ದೀಪ ಬಂದಾಗ ಭಾಮೈದ ಆಗಷ್ಟೇ ತೆರೆದ ಬಾಟಲಿಯನ್ನೊಮ್ಮೆ, ಭಾವನ ಕೂದಲನ್ನೊಮ್ಮೆ ನೋಡುತ್ತಿದ್ದ. ಬೆಳಗದ ಹಳದಿಯನ್ನು ಕತ್ತಲ ಕೋಣೆಯಲ್ಲಿ ಬೆಳಕು ನೋಡಿ ಹುಡುಕಿದ್ದೆ ಎಂದು ಮೇಷ್ಟ್ರಿಗೆ ಆಗ ಹೊಳೆಯಿತು. ಜಾರಿದ ಪಟ್ಟಿಯನ್ನು ಎಳೆದುಕೊಳ್ಳುವವರ ಹಾಗೆ ಅವರ ಕೈ ತಾನೇ ತಲೆಯ ಹಿಂದಕ್ಕೆ ಹೋಯಿತು, ನಾಲ್ಕು ಬೆರಳೂ ನಾಲ್ಕು ಗುರುತಿನ ಮೇಲೆ ಸರಿಯಾಗಿ ಕೂತವು.